ಅಣ್ಣನ ಕುಲಾವಿ

ಅವ್ವಾ,

ನಿನಗೆ ಓದು ಬಾರದು. ಅಲ್ಲಿ ಅಣ್ಣ ಸಿಕ್ಕಿದ್ದರೆ ಅವನ ಕೈಲಿ ಓದಿಸಿಕೋ. ಅವನ ಕಣ್ಣು ಅಲ್ಲಾದರೂ ಸರಿಹೋಗಿರಬಹುದು.

ನೀನು ಹೋದ ಮೂರನೇ ತಿಂಗಳಿಗೆ ನನಗೆ ಹೆಣ್ಣು ಕೂಸು ಹುಟ್ಟಿತು. ಬಬ್ಬೂರಿನಲ್ಲಿ ಅತ್ತೆಯೇ ಎಣ್ಣೆ ಹಚ್ಚಿ ನೀರು ಎರೆದರು. ಎರಡು ತಿಂಗಳು ತುಂಬಿರಲಿಲ್ಲ, ಹರಳೆಣ್ಣೆ ಇಡಲು ಹೋದರೆ ನೆತ್ತಿಯ ಗುಳಿಯೇ ಬೆರಳಿಗೆ ಸಿಗಲಿಲ್ಲ. "ಆಗ್ಲೇ ನೆತ್ತಿ ಕೂಡೈತೆ, ಗಟ್ಟಿ ಕೂಸು ಕಣವ್ವ" ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ನಾನೂ ಹಿಗ್ಗಿದೆ. ಮತ್ತೋಡಿನ ಅರ್ಧ ಊರಿನ ಕೂಸುಗಳಿಗೆ ಎರೆದವಳ ಮಗಳು ನಾನು, ದಡ್ಡಿ. ನೀನಿದ್ದಿದ್ದರೆ ಒಂದು ಸಲ ತಲೆ ಸವರಿ ನೋಡಿ...

ಒಂಬತ್ತನೇ ತಿಂಗಳ ಚುಚ್ಚುಮದ್ದಿನ ದಿನ ಹಿರಿಯೂರಿನ ನರ್ಸಮ್ಮ ಕೂಸಿನ ತಲೆಯ ಸುತ್ತ ಟೇಪು ಹಿಡಿದು ಎರಡು ಸಲ ಅಳೆದಳು. ದುರ್ಗದ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಚೀಟಿ ಬರೆದುಕೊಟ್ಟಳು. ಅವರು ಹಣೆಯಿಂದ ಹಿಂದಲೆಯವರೆಗೆ ಬೆರಳಾಡಿಸಿದರು. ಆ ಉದ್ದಕ್ಕೂ ಎಲುಬು ಬದುವಿನ ಹಾಗೆ ಎದ್ದಿತ್ತು.

"ಬುರುಡೆ ಎಲುಬುಗಳ ಮಧ್ಯೆ ಹೊಲಿಗೆ ಇರ್ತದಮ್ಮ. ಅದು ಬಿಟ್ಟುಕೊಂಡಿದ್ರೆ ತಲೆ ಬೆಳೀತದೆ. ಈ ಕೂಸಿಗೆ ಮುಂಚೇನೇ ಬೆಸ್ಕಂಡೈತೆ. ಒಳಗೆ ಮಿದುಳು ಬೆಳೀತೈತೆ, ಅದಕ್ಕೆ ಜಾಗ ಇಲ್ಲ. ನಿಮ್ಮನೇಲಿ ಯಾರಿಗಾದ್ರೂ ಹಿಂಗಿತ್ತಾ?"

"ಯಾರಿಗೂ ಇಲ್ರಿ" ಎಂದೆ. ಇಪ್ಪತ್ತು ವರ್ಷ ಅಣ್ಣನ ಹೆಸರೇ ಎತ್ತದ ಮನೆಯವಳು ಇನ್ನೇನು ಹೇಳಲಿ?

ಮನೆಗೆ ಬಂದು, ಮತ್ತೋಡಿನಿಂದ ತಂದಿಟ್ಟುಕೊಂಡಿದ್ದ ನಿನ್ನ ಟ್ರಂಕು ತೆಗೆದೆ. ಹೊಸದುರ್ಗದ ಸಂತೆಯಲ್ಲಿ ತಂದ ಟೋಪಿಗಳೆಲ್ಲ ಕೂಸಿಗೆ ಹಿಂದೆ ಮುಂದೆ ಬಿಗಿ, ಕಿವಿಯ ಹತ್ತಿರ ಸಡಿಲ. ಟ್ರಂಕಿನ ತಳದಲ್ಲಿ ನೀನು ಕೈಯಲ್ಲಿ ಹೊಲಿದ ಕೆಂಪು ಕುಲಾವಿ ಇತ್ತು, ಅಣ್ಣನದು. ಉದ್ದಕ್ಕೆ, ಸಪೂರವಾಗಿ ದೋಣಿಯ ಹಾಗಿತ್ತು. ಹಾಕಿದೆ. ಅಳತೆ ತೆಗೆದು ಹೊಲಿದಂತೆ ಕೂತಿತು.

ಗೋಡೆಗೆ ತಲೆ ಒತ್ತಿಕೊಂಡು ಅಳುತ್ತಿದ್ದ ಅಣ್ಣ, ಅವ್ವಾ. ಎಂಟು ವರ್ಷಕ್ಕೇ ಉಣ್ಣುವ ಗಂಗಾಳವನ್ನು ತಡಕಿ ಹುಡುಕುತ್ತಿದ್ದ. ಆಮೇಲೆ ಕಣ್ಣು ಕಾಣದೆ ಬಾವಿಗೆ ಬಿದ್ದ. ಸಾವಿನ ಮನೆಯಲ್ಲೇ ಯಾರೋ ಅಂದರಲ್ಲ, "ಎರೆಯೋವಾಗ ಒತ್ತಿ ಒತ್ತಿ ಹೆತ್ತ ಮಗನ ತಲೇನೇ ಕೆಡಿಸಿದ್ಲು" ಅಂತ. ಅಂದಿನಿಂದ ನೀನು ಯಾವ ಕೂಸಿನ ತಲೆಯನ್ನೂ ಮುಟ್ಟಲಿಲ್ಲ. ಬಸುರಿಯಾದಾಗ ನಾನು ಕೇಳಿದೆ, "ನನ್ನ ಕೂಸಿಗೆ ನೀನೇ ಎರೀಬೇಕು." ನೀನು ಸೆರಗಿನಲ್ಲಿ ಕೈ ಮುಚ್ಚಿಕೊಂಡು, "ನನ್ನ ಕೈ ಬ್ಯಾಡ ಕಣೆ" ಅಂದೆ. ನಾನು ಅದನ್ನು ಸೊಕ್ಕು ಅಂದುಕೊಂಡೆ. ಮಾತು ಬಿಟ್ಟೆ. ಮಾತಾಡೋಣ ಅನ್ನುವಷ್ಟರಲ್ಲಿ ನೀನು...

ಮಾರನೇ ದಿನವೇ ಕುಲಾವಿ ಹಿಡಿದು ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕೈಯಿಂದ ಆಗೋದಲ್ಲಮ್ಮ ಇದು. ಎರೆಯೋವಾಗ ಒತ್ತಿದ್ರೆ ಹೊಲಿಗೆ ಬೆಸೆಯಲ್ಲ. ಹೊಟ್ಟೇಲಿದ್ದಾಗ್ಲೇ ಶುರುವಾಗಿರ್ತದೆ."

ಕೇಳಿದೆಯಾ ಅವ್ವಾ? ನಿನ್ನ ಕೈ ಏನೂ ಮಾಡಿರಲಿಲ್ಲ. ಏನೂ. ಈ ಒಂದು ಮಾತು ನೀನಿರುವಾಗಲೇ ನನಗೆ ಗೊತ್ತಿದ್ದರೆ ನಿನ್ನ ಆ ಎರಡೂ ಕೈ ಹಿಡಿದುಕೊಂಡು ಹೇಳುತ್ತಿದ್ದೆ.

ಆದರೆ ಕೂಸಿಗೆ ತಡವಾಗಿದೆ. ಕಣ್ಣಿನ ಹಿಂದಿನ ನರ ಊದಿದೆಯಂತೆ. "ಇರೋ ದೃಷ್ಟಿ ಉಳಿಸೋಕೆ ನೋಡಾಣ" ಎಂದರು ಆಪರೇಷನ್ ಮಾಡುವ ಡಾಕ್ಟರು. ಹೋದದ್ದರ ಬಗ್ಗೆ ಮಾತಾಡಲಿಲ್ಲ. ನಿನ್ನೆಯಿಂದ ಅವಳು ಬಟ್ಟಲಿಗೆ ಚಮಚ ತಾಗಿದ ಸದ್ದಾದರೆ ಮಾತ್ರ ತಿರುಗುತ್ತಾಳೆ. ಸದ್ದಿಲ್ಲದೆ ಚಮಚ ಹಿಡಿದು ನೋಡಿದೆ. ಆಮೇಲೆ ಮತ್ತೆ ನೋಡಲು ಧೈರ್ಯ ಬರಲಿಲ್ಲ.

ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳ ತಲೆ ಬೋಳಿಸಿದರು. ನಾಳೆ ಬುರುಡೆ ಬಿಡಿಸಿ ಜಾಗ ಮಾಡುತ್ತಾರೆ. ಕುಲಾವಿ ನನ್ನ ಚೀಲದಲ್ಲೇ ಇದೆ. ಅವಳು ಹೊರಗೆ ಬಂದು, ಗಾಯ ಮಾಗಿದ ಮೇಲೆ, ಒಂದೇ ಒಂದು ಸಲ ಅವಳ ತಲೆಗೆ ಹಾಕಿ ನೋಡುತ್ತೇನೆ.

ಅದು ಅವಳಿಗೆ ಸರಿಯಾಗಿ ಕೂರಬಾರದು ಅವ್ವಾ.