ಮೇಲಿನ ಮನೆಯ ಬಾಡಿಗೆಯ ಪಾಲು

ಸೋಮೂ,

ನೀನು ತೀರಿಹೋಗಿ ಮೂರು ವರ್ಷವಾದರೂ ನಿನಗೆ ವರದಿ ಒಪ್ಪಿಸುವ ಚಾಳಿ ಹೋಗಿಲ್ಲ. ಮೇಲಿನ ಮನೆಯ ಮೂವರು ಹುಡುಗಿಯರು ಬಾಡಿಗೆ, ಗ್ಯಾಸಿನ ಪಾಲಿಗೆ ಜಗಳವಾಡಿ ನನ್ನ ಹತ್ತಿರ ಬಂದಿದ್ದರು. ಕಾವ್ಯಶ್ರೀ ನರ್ಸು, ಇನ್ನಿಬ್ಬರು ಬಿ.ಎಡ್ ಓದುವವರು. ಅಕಾರ್ಡಿಂಗ್ ಟು ಕೆಪ್ಯಾಸಿಟಿ, ಅವರವರ ಶಕ್ತಿಗೆ ತಕ್ಕಂತೆ, ಎಂದು ಕಾಲೇಜಿನಲ್ಲಿ ಏನೋ ಓದಿದ್ದೆ, ಮುಂದಿನದು ಮರೆತಿದೆ. ಅದಕ್ಕೇ ನಿನ್ನ ಕಥೆ ಹೇಳಿದೆ: ಮದುವೆಯಾದ ಹೊಸದರಲ್ಲಿ, ನಾನು ಬಿ.ಎ. ಮುಗಿಸುವವರೆಗೂ ನೀನು ಹೊಗೆಸೊಪ್ಪು ವಿಂಗಡಿಸಿದ ಕೂಲಿಯಲ್ಲೇ ಬಾಡಿಗೆ ಕಟ್ಟಿದ್ದು.

"ಅಂಗಾರೆ ಅರ್ಧ ನಂದೇ ಬುಡಿ ತಾತ," ಎಂದಳು ಕಾವ್ಯಶ್ರೀ.

"ಪಾತ್ರೆಯೆಲ್ಲ ನಾವೇ ತೊಳೀತೀವಿ ಕಣಕ್ಕ," ಎಂದ ಬಿ.ಎಡ್ ಹುಡುಗಿಯೊಬ್ಬಳು ನನ್ನ ಕಡೆ ತಿರುಗಿದಳು. "ಆಗ ನೀವೂ ತೊಳೀತಿದ್ರಾ ತಾತ?"

ಕಾಫಿ ಕುಡೀರಿ ಎಂದೆ.

ನೀನು ಒಂದು ದಿನವೂ ಹಾಗೆ ಕೇಳಿರಲಿಲ್ಲ. ನಿನ್ನ ಕೂಲಿ ಇವತ್ತು ಇನ್ನೊಂದು ಮನೆಯನ್ನೂ ಉಳಿಸಿತು. ಊಟವಾಯಿತು. ತಟ್ಟೆ ತೊಳೆದಿಟ್ಟೇ ಇದನ್ನು ಬರೆಯುತ್ತಿದ್ದೇನೆ.