ಗಿಳಿಹಸಿರು ಅಂಚು

ಮಂಗಳವಾರ, ನವೆಂಬರ್ ೧೨

ಬೆಳಿಗ್ಗೆ ನೂಲು ಸುತ್ತುತ್ತಿದ್ದಾಗ, ಮುಂದಿನ ಕೆಂಪು ಸೀರೆಗೆ ಗಿಳಿಹಸಿರು ಅಂಚು ಹಾಕಬೇಕು ಅನ್ನಿಸಿತು. ಎಷ್ಟು ತಿಂಗಳ ಮೇಲೆ ನನಗೊಂದು ಬಣ್ಣ ಬೇಕೆನ್ನಿಸಿದ್ದು! ಖುಷಿಯಿಂದ ಹೇಳಿದೆ. ಯಜಮಾನರು ಮಗ್ಗ ನಿಲ್ಲಿಸಿದರು.

"ಗುಳಿಗಿ ತಗೊಂಡಿ ಇಲ್ಲ?"

"ತಗೊಂಡೇನ್ರಿ."

"ರಾತ್ರಿ ನಿದ್ದಿ ಆಗೇತಿ?"

ಅವರದೇನು ತಪ್ಪು? ಹೋದ ವರ್ಷ ನಾನು ನಿದ್ದೆಯಿಲ್ಲದೆ ಹಾಡುತ್ತಾ, ಮನೆಯ ಸೀರೆಗಳನ್ನೆಲ್ಲ ಬನಹಟ್ಟಿಯ ಬೀದಿಯಲ್ಲಿ ಹಂಚಿದವಳು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟವಳು. ಗುಳಿಗೆ ಎರಡನ್ನೂ ನಿಲ್ಲಿಸಿತು, ಅದು ಖರೆ. ಬಣ್ಣದ ಆಸೆಯನ್ನೂ ನಿಲ್ಲಿಸಿತ್ತು.

ಇವತ್ತಿನ ಖುಷಿ ನನ್ನದೋ, ರೋಗದ್ದೋ? ಜಮಖಂಡಿಯ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ.

"ಅದನ್ನ ಹೇಳೂ ಟೆಸ್ಟ್ ಇನ್ನೂ ಬಂದಿಲ್ಲ ತಂಗಿ. ಗುಳಿಗಿ ಬಿಡಬ್ಯಾಡ. ನಿದ್ದಿ ಕೆಟ್ಟರ ಲಗೂನ ಬಾ."

ಹಸಿರು ನೂಲನ್ನು ನಾನೇ ಎತ್ತಿ, ನಾಳೆತನಕ ನಿಮ್ಮ ಹತ್ತಿರ ಇರಲಿ ಎಂದು ಯಜಮಾನರ ಕೈಗೆ ಕೊಟ್ಟೆ. ಎಲ್ಲಿಡಬೇಕೆಂದು ತಿಳಿಯದೆ ಅವರು ಅದನ್ನು ಹಿಡಿದುಕೊಂಡೇ ಮಗ್ಗದ ಸುತ್ತ ಓಡಾಡಿದರು.

ರಾತ್ರಿಯ ಗುಳಿಗೆ ನುಂಗಿ ಕುಳಿತಿದ್ದೇನೆ. ನಿದ್ದೆ ಬರುತ್ತಿದೆ. ಹಾಗಾದರೆ ಖುಷಿ ನನ್ನದೇ ಇರಬೇಕು. ಆದರೆ ಬೆಳಿಗ್ಗೆ ಎದ್ದಾಗ ಹಸಿರು ಬೇಡ ಅನ್ನಿಸಿದರೆ, ಆಗ ಬೇಡ ಅಂದದ್ದು ನಾನೋ, ಗುಳಿಗೆಯೋ...