ಹನಿಯ ಲೆಕ್ಕ, ಅತ್ತೆಯ ಅಂಗಳ

ಮಾರ್ಚ್ 9, 2009
ಇವತ್ತೂ ಕೂಸುಗಳ ಲಂಗೋಟಿಯಿಂದಲೇ ಶುರು. ಇಷ್ಟು ಓದಿ ಕೈಗೆ ಬಂದದ್ದು ಕಕ್ಕದ ಡಬ್ಬಿ. ದೂರಿಲ್ಲ. ಆಸ್ಪತ್ರೆ ವಾರ್ಡಿನ ಎರಡು ಕೂಸಿಗೆ ರೋಟಾ ವೈರಸ್ಸಿನ ಭೇದಿ. ಮಧ್ಯಾಹ್ನ ಅವರ ಬೀದಿಗೇ ಹೋಗಿ ಅದೇ ವಯಸ್ಸಿನ ಗಟ್ಟಿ ಮಕ್ಕಳನ್ನು ಹುಡುಕಬೇಕು. ಲಸಿಕೆಯ ಹನಿ ಬಿದ್ದವರು ಬೀದಿಯಲ್ಲಿ ಹೆಚ್ಚು, ವಾರ್ಡಿನಲ್ಲಿ ಕಡಿಮೆ ಸಿಕ್ಕರೆ ಹನಿ ಗೆದ್ದ ಹಾಗೆ. ನಮ್ಮ ಲೆಯೋನ್ ಊರಿನ ಬಿಸಿಲಿಗೆ ಗಟ್ಟಿ ಮಕ್ಕಳೂ ಬಾಡಿರ್ತಾವೆ, ಅದು ಬೇರೆ ಮಾತು.

ಮಾರ್ಚ್ 27
ಪ್ರತಿ ತಾಯಿಗೂ ಅದೇ ಪ್ರಶ್ನೆ: "ಮುಂಚೆ ಎಲ್ಲಾದ್ರೂ ತೋರಿಸಿದ್ರಾ?"
ಅದೇ ಉತ್ತರ: "ಇಲ್ಲ ಸಾರ್, ಸೀದಾ ಇಲ್ಲಿಗೇ."
ಬರೆದುಕೊಂಡೆ.

ಜೂನ್ 18
ಲೆಕ್ಕ ಬಂತು. ಹನಿ ತಪ್ಪಿಸಿದ ಭೇದಿ ನೂರಕ್ಕೆ ಬರೀ ಹದಿನೈದು... ನಮ್ಮ ಮುಖ್ಯಸ್ಥೆ ಡಾಕ್ಟರ್ ಇವೆತ್ ಹಾಳೆ ತಿರುಗಿಸಿ ನೋಡಿದರು.
"ತಲೆಕೆಳಗೆ ಹಿಡಿದಿಲ್ಲ ತಾನೆ, ನೋಯೆಲ್?"
"ಹಿಡಿದರೂ ಅಷ್ಟೇ ಮೇಡಂ."
ಮುಂದಿನ ವರ್ಷ ಸಚಿವಾಲಯದ ಸಮಿತಿ ಕೂರುತ್ತೆ. ಈ ಅಂಕಿ ಅವರ ಮುಂದೆ ಹೋದರೆ ಹನಿ ನಿಂತಂತೆ. ಹನಿ ಬರುವ ಮುಂಚೆ ಒಂದೇ ಮಂಚಕ್ಕೆ ಮೂರು ಕೂಸು ಮಲಗಿಸ್ತಿದ್ವಿ. ಆ ಮಂಚ ಮತ್ತೆ ನೋಡಲಾರೆ.

ಹನಿ ಬಿದ್ದೂ ಭೇದಿ—
ಎಲ್ಲಿ ತಪ್ಪಿತೋ ಹಾದಿ?

ಪ್ರಾಸ ಸಿಕ್ಕಿತು. ಹಾದಿ ಇಲ್ಲ.

ಜುಲೈ 5, ಭಾನುವಾರ
ಅತ್ತೆ ಮನೆಗೆ ನಾಕಾತಮಾಲ್ ತಿನ್ನಲು, ಬಾಳೆಲೆಯಲ್ಲಿ ಬೇಯಿಸಿದ ಜೋಳದ ಕಡುಬು. ಅತ್ತೆ, ಅಂದರೆ ಹೆಂಡತಿಯ ತಾಯಿ, ಎಲ್ಲರೂ ಗೌರವದಿಂದ ದೋನ್ಯಾ ಅನ್ನುವ ಪಾಸ್ಟೋರಾ, ಕೇರಿಗೆಲ್ಲ ಹೊಟ್ಟೆ ನೀವುವವರು. ಭೇದಿ ಅಂದರೆ ಅವರಿಗೆ ಕರುಳಿಗೆ ಅಂಟಿದ ತುತ್ತು. ಎಣ್ಣೆ ಹಚ್ಚಿ ಇಳಿಸಬೇಕು. ಊಟದ ನಡುವೆ ಒಬ್ಬಳು ಕೂಸು ತಂದಳು. ಕಣ್ಣು ಗುಳಿಬಿದ್ದಿದೆ. ಅತ್ತೆ ನೀವಿದರು. ನಾನು ಎಲೆ ಬಿಟ್ಟೆದ್ದು ತಾಯಿ-ಮಗುವನ್ನು ವಾರ್ಡಿಗೆ ಕರೆದೊಯ್ದೆ. ನರ್ಸ್ ಕೇಳಿದಳು: "ಮುಂಚೆ ಎಲ್ಲಾದ್ರೂ ತೋರಿಸಿದ್ಯಾ?"
"ಇಲ್ಲಮ್ಮ, ಸೀದಾ ಇಲ್ಲಿಗೇ."
ನಾನು ಪಕ್ಕದಲ್ಲೇ ನಿಂತಿದ್ದೇನೆ. "ಈಗ ತಾನೆ ನೀವಿಸಿಕೊಂಡು ಬಂದ್ಯಲ್ಲ ತಾಯಿ?"
"ಅದು ದೋನ್ಯಾ ಪಾಸ್ಟೋರಾ ಸಾರ್. ಅದನ್ನೂ ತೋರಿಸೋದು ಅಂತಾರಾ?"
ಹನಿ ಹಾಕಿಸಿದ್ದೀಯಾ ಅಂದೆ. ಇಲ್ಲವಂತೆ. ಹೊಟ್ಟೆಗೆ ದೋನ್ಯಾ ಇರುವಾಗ ಹನಿ ಯಾಕೆ ಅಂದಳು.
ಆಗ ಹೊಳೆಯಿತು. ಹನಿಗೆ ಬಾರದವರು ವಾರ್ಡಿಗೂ ಬರುವುದಿಲ್ಲ. ಅವರ ಕೂಸು ಸೋತು ಮಲಗುವುದು ಅತ್ತೆಯಂಥವರ ಅಂಗಳದಲ್ಲಿ. ವಾರ್ಡಿನಲ್ಲಿ ನಾವು ಎಣಿಸಿದ್ದು ಬಹುಪಾಲು ಹನಿ ಹಾಕಿಸುವ ಮನೆಯವರನ್ನೇ. ಹನಿ ಸೋತಂತೆ ಕಾಣದೆ ಇನ್ನೇನು?

ಜುಲೈ 6
"ಮೇಡಂ, ಚಿಕ್ಕಂದಿನಲ್ಲಿ ನಿಮ್ಮ ಹೊಟ್ಟೆ ನೀವಿದ್ದು ಯಾರು?"
"ಬೀದಿ ತುದಿಯ ಅಜ್ಜಿ. ಯಾಕೆ?" ನಿನ್ನೆಯದನ್ನು ಹೇಳಿದೆ. ಪ್ರಶ್ನೆಪಟ್ಟಿ ಎಳೆದು ನೋಡಿದರು. "ನಮ್ಮೆಲ್ಲರ ಹೊಟ್ಟೆಯೂ ಅದೇ ಎಣ್ಣೆ ಕುಡಿದಿದೆ, ನೋಯೆಲ್. ಪ್ರಶ್ನೆಯಲ್ಲಿ ಅದನ್ನ ಒಬ್ಬರೂ ಬರೀಲಿಲ್ಲ."
ದಿನಾ ಉಸಿರಾಡೋ ಗಾಳಿಯನ್ನು ಯಾರು ಬರೀತಾರೆ?
ಇನ್ನೊಂದು ಭೇದಿ ಕಾಲ ಕಾಯಬೇಕು. ಈ ಸಲ ನೀವುವವರ ಅಂಗಳಗಳನ್ನೂ ಲೆಕ್ಕಕ್ಕೆ ಸೇರಿಸಿ.

ಜನವರಿ 20, 2010
"ನನ್ನ ಗಿರಾಕಿ ಕದಿಯೋಕೆ ಬಂದ್ಯಾ ಅಳಿಯಾ?"
"ಗಿರಾಕಿ ನಿಮಗೇ ಇರಲಿ ಅತ್ತೆ. ಲಂಗೋಟಿ ಕೊಡಿ ಸಾಕು."
"ಇಷ್ಟು ವರ್ಷದಲ್ಲಿ ಅದನ್ನ ಕೇಳಿದ ಮಹಾರಾಯ ನೀನೊಬ್ಬನೇ. ನನ್ನ ಮಗಳು ಏನು ನೋಡಿ ಕಟ್ಟಿಕೊಂಡಳೋ."
ಒಪ್ಪಂದ: ಕಣ್ಣು ಗುಳಿಬಿದ್ದ ಕೂಸು ತಡಮಾಡದೆ ವಾರ್ಡಿಗೆ. ಎಣ್ಣೆ ಅವರದು, ಸಲೈನ್ ನಮ್ಮದು.

ಮಾರ್ಚ್ 14
ಹೊತ್ತಿಲ್ಲ. ಅಂಗಳದಿಂದ ವಾರ್ಡಿಗೆ, ವಾರ್ಡಿನಿಂದ ಅಂಗಳಕ್ಕೆ. ಅಂಗಿಯೆಲ್ಲ ಎಣ್ಣೆ ವಾಸನೆ.

ಜೂನ್ 11
ನೂರಕ್ಕೆ ಅರವತ್ತು.
ತೀರಾ ಸೋತ ಕೂಸುಗಳಲ್ಲಿ ಇನ್ನೂ ಮೇಲೆ. ಮತ್ತೆ ಲೆಕ್ಕ ಮಾಡು ಅಂದರು ಮೇಡಂ. ಮಾಡಿದೆ. ಅಷ್ಟೇ ಬಂತು. ಡಾಕ್ಟರ್ ಇವೆತ್ ಎದ್ದು ಎರಡು ಹೆಜ್ಜೆ ಕುಣಿದು, ಕೂತು, ಕನ್ನಡಕ ಸರಿಮಾಡಿಕೊಂಡು, "ಸರಿ, ವರದಿ ಬರಿ" ಅಂದರು.

ಜುಲೈ 22
ಸಮಿತಿ ಒಪ್ಪಿತು. ಹನಿ ಉಳಿಯಿತು. ಬಸ್ಸಿನಲ್ಲಿ ಊರಿಗೆ ಬರುತ್ತಾ—

ಹನಿ ಬಿದ್ದ ಬಾಯಿ,
ನಿದ್ದೆ ಹೋದಳು ತಾಯಿ.

ಪಕ್ಕದ ಸೀಟಿನವನು ಯಾಕೆ ಒಬ್ಬನೇ ನಗ್ತೀಯಾ ಅಂದ. ಮಕ್ಕಳಿಗೆ ಭೇದಿ ಇಲ್ಲ ಅಂದೆ. ಸೀಟು ಬದಲಾಯಿಸಿದ.

ಆಗಸ್ಟ್ 3, ಬೆಳಿಗ್ಗೆ 8
ಆರೋಗ್ಯ ಕೇಂದ್ರ. ಹನಿಯ ಸಾಲು ಬಾಗಿಲಾಚೆಗೂ ಬೆಳೆದಿದೆ. ಮೂಲೆ ಬೆಂಚಿನಲ್ಲಿ ಬರೀತಿದ್ದೇನೆ. ಅತ್ತೆ ಬಂದರು, ಎರಡು ಕಂಕುಳಲ್ಲಿ ಎರಡು ಕೂಸು, ಹಿಂದೆ ತಾಯಂದಿರ ದಂಡು. "ಹನಿ ಬೀಳದ ಹೊಟ್ಟೆ ಮುಟ್ಟಲ್ಲ ಅಂದೆ. ಬಂದ್ರು ನೋಡು."
ನರ್ಸ್: "ಸಾಲಲ್ಲಿ ಬನ್ನಿ ದೋನ್ಯಾ."
"ನಿನ್ನ ಹೊಟ್ಟೆ ನೀವಿದ ಕೈ ಇದು. ನನಗೆ ಸಾಲು ಹೇಳಿಕೊಡ್ತೀಯೇನೇ?"
ಈಗ ಇಬ್ಬರೂ ನನ್ನ ಕಡೆ ತಿರುಗಿದ್ದಾರೆ. ಅತ್ತೆ ಒಂದು ಕೂಸನ್ನ ತಂದು ನನ್ನ ತೊಡೆ ಮೇಲೆ ಕೂರಿಸಿದರು, ಅದು ಪೆನ್ನಿಗೇ ಕೈ—